ಕಮಾನಿನಿಂದ ಉಸಿರಿಗೆ

ದೊಡ್ಡ ಹಿತ್ತಾಳೆಯ ವಾದ್ಯಗಳನ್ನು ನಮ್ಮಲ್ಲಿ ಬಹುಮಂದಿ ಮೊದಲು ಕಂಡಿರುವುದು ಮದುವೆಯ ದಿಬ್ಬಣದಲ್ಲಿ. ಮುಂದೆ ಕ್ಲಾರಿನೆಟ್ಟು ಹಾಡನ್ನು ಹಿಡಿದು ನಡೆಯುತ್ತದೆ. ಹಿಂದಿನ ಸಾಲಿನಲ್ಲಿ ಒಬ್ಬ ಗಟ್ಟಿ ಆಳು, ಮೈಗೆ ಸುತ್ತಿಕೊಂಡಂತೆ ಕಾಣುವ ಕೊಳವೆಯೊಂದರಲ್ಲಿ ಭೋಂ ಭೋಂ ಎಂದು ಲಯಕ್ಕೆ ಆಸರೆ ಕೊಡುತ್ತ ಬರುತ್ತಾನೆ. ಮಕ್ಕಳು ಅವನ ಉಬ್ಬಿದ ಕೆನ್ನೆಯನ್ನು ನೋಡಿ ನಗುತ್ತಾರೆ. ಅವನ ವಾದ್ಯಕ್ಕೂ ತನ್ನದೆಂಬ ಒಂದು ಹಾಡು ಉಂಟೆ ಎಂದು ಯಾರೂ ಕೇಳುವುದಿಲ್ಲ. ಬಹುಕಾಲ ನಾನೂ ಕೇಳಿರಲಿಲ್ಲ.

ಈಚೆಗೆ ಒಂದು ಸಂಜೆ, ಪಾಶ್ಚಾತ್ಯ ಸಂಗೀತದಲ್ಲಿ ನನಗಿಂತ ಹೆಚ್ಚು ಪರಿಶ್ರಮವುಳ್ಳ ಮಿತ್ರರೊಬ್ಬರ ಮನೆಯಲ್ಲಿ, ಬಾಖ್ ಚೆಲ್ಲೋ ವಾದ್ಯಕ್ಕಾಗಿ ಬರೆದ ನೃತ್ಯಮಾಲಿಕೆಗಳ ಕೆಲವು ಭಾಗಗಳನ್ನು ಟ್ರೊಂಬೋನಿನಲ್ಲಿ ನುಡಿಸಿದ ಧ್ವನಿಮುದ್ರಿಕೆಯೊಂದನ್ನು ಕೇಳಿದೆವು. ಮುಗಿದ ಮೇಲೆ ಮಿತ್ರರು, “ಚೆನ್ನಾಗಿಯೇ ಇದೆ. ಆದರೆ ಇದು ಬೇಕಿತ್ತೇ?” ಎಂದರು. ನಾನು ಕೂಡಲೇ ಉತ್ತರ ಹೇಳಲಾರದೆ ಹೋದೆ. ಅಂದು ಹೇಳಲಾಗದ ಉತ್ತರವೇ ಈ ಲೇಖನ.

ಮೊದಲು ವಾದ್ಯಗಳ ಪರಿಚಯ ಎರಡು ಮಾತಿನಲ್ಲಿ. ಚೆಲ್ಲೋ ಪಿಟೀಲಿನ ಕುಲದ್ದೇ. ಕುಳಿತು, ಮಂಡಿಗಳ ನಡುವೆ ಹಿಡಿದು, ಕಮಾನಿನಿಂದ ನುಡಿಸುವ ದೊಡ್ಡ ವಾದ್ಯ. ಟ್ರೊಂಬೋನು ಎಳೆದು ತಳ್ಳುವ ಕೊಳವೆಯುಳ್ಳ ಹಿತ್ತಾಳೆ ವಾದ್ಯ. 15ನೆಯ ಶತಮಾನದಿಂದ ಯುರೋಪಿನಲ್ಲಿದೆ. ಟ್ಯೂಬಾ ಅದಕ್ಕಿಂತ ಬಹಳ ಕಿರಿಯದು. 1835ರಲ್ಲಿ ಬರ್ಲಿನ್ನಿನ ವೀಪ್ರೆಕ್ಟ್ ಮತ್ತು ಮೋರಿಟ್ಸ್ ಎಂಬಿಬ್ಬರು ಅದಕ್ಕೆ ಹಕ್ಕುಪತ್ರ ಪಡೆದರು. ಯೂಫೋನಿಯಂ ಟ್ಯೂಬಾದ ತಮ್ಮನಂತಿರುವ, ಇನ್ನೂ ಮೃದುವಾದ ದನಿಯುಳ್ಳ ವಾದ್ಯ. ಹಿತ್ತಾಳೆ ಸಂಸಾರದಲ್ಲಿ ಮಂದ್ರದ ಹೊಣೆ ಹೊತ್ತವು ಇವು. ಇವುಗಳಿಗೆಂದೇ ದೊಡ್ಡ ರಚನಕಾರರು ಬರೆದದ್ದು ಬಹಳ ಕಡಮೆ. ಇಂಗ್ಲೆಂಡಿನ ವಾನ್ ವಿಲಿಯಮ್ಸ್ ಟ್ಯೂಬಾಕ್ಕೆ ಕಾನ್ಚೆರ್ಟೊ ಬರೆದದ್ದೇ 1954ರಲ್ಲಿ. ಹೀಗಿರುವಾಗ ಈ ವಾದ್ಯ ಹಿಡಿದವನು ಹಾಡಬೇಕೆಂದರೆ ಅನ್ಯರ ಮನೆಯ ಹಾಡನ್ನು ಕಡ ತರಬೇಕು. ಅಳವಡಿಕೆ ಅವನಿಗೆ ಶೋಕಿಯಲ್ಲ, ಜೀವನೋಪಾಯ.

ಬೇರೊಂದು ವಾದ್ಯಕ್ಕೆಂದು ಬರೆದುದನ್ನು ಇಲ್ಲಿ ತರುವುದು ಅಪಚಾರವೆನ್ನುವವರು ಉಂಟು. ಈ ಆಕ್ಷೇಪಕ್ಕೆ ಉತ್ತರ ಕೊಡಲು ಬಾಖ್‌ನೇ ಸಾಕು. ಚೆಲ್ಲೋ ಮಾಲಿಕೆಗಳಲ್ಲಿ ಐದನೆಯದನ್ನು ಅವನೇ ಲ್ಯೂಟ್ ಎಂಬ ಮೀಟುವಾದ್ಯಕ್ಕೆ ಅಳವಡಿಸಿದ್ದಾನೆ. ವಿವಾಲ್ಡಿಯ ಪಿಟೀಲು ಕಾನ್ಚೆರ್ಟೊಗಳನ್ನು ಆರ್ಗನ್ನಿಗೂ ಹಾರ್ಪ್ಸಿಕಾರ್ಡಿಗೂ ತಂದಿದ್ದಾನೆ. ಇನ್ನು, ಆರು ಚೆಲ್ಲೋ ಮಾಲಿಕೆಗಳಿಗೆ ಬಾಖ್‌ನ ಸ್ವಹಸ್ತದ ಪ್ರತಿಯೇ ಉಳಿದಿಲ್ಲ. ಅವನ ಹೆಂಡತಿ ಆನ್ನಾ ಮ್ಯಾಗ್ಡಲೇನಾ ಮಾಡಿದ ನಕಲು ಮುಂತಾದವು ಉಳಿದಿವೆ. ಯಾವ ಸ್ವರಗಳನ್ನು ಒಂದೇ ಕಮಾನಿನ ಎಳೆತದಲ್ಲಿ ಕೂಡಿಸಿ ನುಡಿಸಬೇಕೆಂಬುದರಲ್ಲಿ ಆ ಪ್ರತಿಗಳು ಒಂದನ್ನೊಂದು ಒಪ್ಪುವುದಿಲ್ಲ. ಆದ್ದರಿಂದ ಪ್ರತಿಯೊಬ್ಬ ಚೆಲ್ಲೋ ವಾದಕನೂ ವಾಕ್ಯ ಎಲ್ಲಿ ಮುಗಿಯಿತು, ಎಲ್ಲಿ ಮೊದಲಾಯಿತು ಎಂಬುದನ್ನು ತಾನೇ ನಿಶ್ಚಯಿಸಬೇಕಾಗಿದೆ. ಮೂಲದ ಮನೆಯಲ್ಲೇ ಇಷ್ಟು ಬಿಡುವಿರುವಾಗ, ಅತಿಥಿಯನ್ನು ಬಾಗಿಲಲ್ಲೇ ತಡೆಯುವುದು ನ್ಯಾಯವಲ್ಲ.

ಆದರೆ ಅಪ್ಪಣೆ ದೊರೆತ ಮಾತ್ರಕ್ಕೆ ಕೆಲಸ ಚೆನ್ನಾಯಿತೆಂದಲ್ಲ. ಭಾಷಾಂತರ ಮಾಡಬಹುದೆಂದು ಒಪ್ಪಿದರೆ ಎಲ್ಲ ಭಾಷಾಂತರವೂ ಕಾವ್ಯವಾಗುತ್ತದೆಯೆ? ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಪುಸ್ತಕವಾಗಿ ಬಂದಾಗ ಕನ್ನಡಿಗರು ಅದನ್ನು ಮನೆಯವರಂತೆ ಬರಮಾಡಿಕೊಂಡುದಕ್ಕೆ ಕಾರಣ, ಅವರು ಇಂಗ್ಲಿಷಿನ ಛಂದಸ್ಸನ್ನು ಹೊತ್ತು ತರದೆ ಕನ್ನಡದ ನಡೆಗೆ ಒಗ್ಗುವ ಹೊಸ ಲಯಗಳನ್ನು ಹುಡುಕಿದುದು. ವಾದ್ಯದಿಂದ ವಾದ್ಯಕ್ಕೆ ಹೋಗುವವನೂ ಇದನ್ನೇ ಮಾಡಬೇಕು. ಹಾಗಾದರೆ ಹಿತ್ತಾಳೆಯ ನಡೆ ಯಾವುದು? ನನ್ನ ಮಟ್ಟಿಗೆ ಅದರ ಉತ್ತರ ಒಂದೇ ಮಾತಿನದು: ಉಸಿರು.

ಅಡಚಣೆಗಳು ಮೂರು. ಒಂದು, ಸ್ವರದ ಆಳ. ಸಾಮಾನ್ಯ ಟೆನರ್ ಟ್ರೊಂಬೋನು ಕೊಳವೆಯನ್ನು ಪೂರ್ತಿ ಚಾಚಿದಾಗ ಮುಟ್ಟುವ ತಳಕ್ಕಿಂತ ಚೆಲ್ಲೋದ ತಳ ಎರಡು ಪೂರ್ಣಸ್ವರಗಳಷ್ಟು ಕೆಳಗಿದೆ. ಅದಕ್ಕೂ ಕೆಳಗೆ ಟ್ರೊಂಬೋನಿನಲ್ಲಿ ಕೆಲವು ಸ್ವರಗಳು ದೊರೆಯುತ್ತವಾದರೂ ನಡುವೆ ಒಂದು ಕಂದರವಿದೆ. 1839ರಲ್ಲಿ ಲೈಪ್ಸಿಗ್ಗಿನ ಸಾಟ್ಲರ್ ಎಂಬ ಕುಶಲಿ ಹೆಬ್ಬೆರಳಿಗೆ ಒಂದು ವಾಲ್ವನ್ನೂ ಅದಕ್ಕೊಂದು ಹೆಚ್ಚಿನ ಕೊಳವೆಯನ್ನೂ ಜೋಡಿಸಿ ಆ ಕಂದರಕ್ಕೆ ಸೇತುವೆ ಕಟ್ಟಿದನು. ಸಂಗೀತವನ್ನು ವಾದ್ಯಕ್ಕೆ ಬಗ್ಗಿಸುವುದು ಒಂದು ದಾರಿಯಾದರೆ ವಾದ್ಯವನ್ನೇ ಸಂಗೀತಕ್ಕೆ ಬಗ್ಗಿಸುವುದು ಇನ್ನೊಂದು. ನಮ್ಮ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೋಫೋನಿಗೆ ಮನಸೋತು, ಅದರ ಕೀಲಿಗಳನ್ನು ಗಮಕಕ್ಕೆ ಒಗ್ಗುವಂತೆ ತಿದ್ದಿಸಿಕೊಂಡು, ಹಲವು ವರ್ಷ ಸಾಧನೆ ಮಾಡಿ ಅದನ್ನು ಕರ್ನಾಟಕ ಸಂಗೀತದ ವೇದಿಕೆಗೆ ತಂದರಲ್ಲವೆ? ಆ ವಾದ್ಯ ಹಿತ್ತಾಳೆಯ ಮೈಯದಾದರೂ ಶಾಸ್ತ್ರದಲ್ಲಿ ಹಿತ್ತಾಳೆಯ ಕುಲಕ್ಕೆ ಸೇರದು. ಆದರೆ ಪಾಠ ಅದೇ.

ಎರಡನೆಯ ಅಡಚಣೆ, ಕೂಡುಸ್ವರಗಳದು. ಚೆಲ್ಲೋ ಎರಡು ತಂತಿಗಳನ್ನು ಒಟ್ಟಿಗೆ ನುಡಿಸಬಲ್ಲದು. ಮೂರು ನಾಲ್ಕು ತಂತಿಗಳ ಮೇಲೂ ಕಮಾನನ್ನು ಹಾಯಿಸಿ ಒಂದು ಸ್ವರಗುಚ್ಛವನ್ನು ಸೂಚಿಸಬಲ್ಲದು. ಹಿತ್ತಾಳೆಯ ಕೊಳವೆಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ದನಿ. ಅಳವಡಿಸುವವನು ಕೆಳಗಿನ ಸ್ವರಗಳನ್ನು ಬೇಗಬೇಗ ಮುಟ್ಟಿ ಮೇಲಿನದಕ್ಕೆ ಏರುವಂತೆ ಬರೆಯಬೇಕು, ಇಲ್ಲವೆ ಕೆಲವನ್ನು ಬಿಡಬೇಕು. ಅಮೆರಿಕದ ಟ್ರೊಂಬೋನ್ ವಾದಕ ಕೀತ್ ಬ್ರೌನ್ ಸಂಪಾದಿಸಿದಂಥ ಆವೃತ್ತಿಗಳು ವಿದ್ಯಾರ್ಥಿಗಳ ಕೈಯಲ್ಲಿವೆ. ಇಂಥವನ್ನು ತೆರೆದಾಗ ನಾನು ಮೊದಲು ನೋಡುವುದು ಏನು ಉಳಿದಿದೆ ಎಂಬುದನ್ನಲ್ಲ. ಏನನ್ನು ಬಿಡಲಾಗಿದೆ, ಬಿಟ್ಟುದು ಕಿವಿಗೆ ತಿಳಿಯುತ್ತದೆಯೆ ಎಂಬುದನ್ನು.

ಮೂರನೆಯದೇ ಮುಖ್ಯ. ಕಮಾನು ಮೇಲಕ್ಕೆ ಹೋಗಲಿ, ಕೆಳಕ್ಕೆ ಬರಲಿ, ನಾದ ಹರಿಯುತ್ತಲೇ ಇರುತ್ತದೆ. ತಿರುವಿನಲ್ಲಿ ಒಂದು ಕೂದಲೆಳೆಯಷ್ಟು ತಡೆ, ಅಷ್ಟೆ. ಊದುವವನಾದರೋ ನಿಲ್ಲಿಸಿ ಉಸಿರೆಳೆದುಕೊಳ್ಳಬೇಕು. ವಾದ್ಯ ದೊಡ್ಡದಾದಷ್ಟೂ, ಸ್ವರ ಕೆಳಗಿಳಿದಷ್ಟೂ ಗಾಳಿಯ ಖರ್ಚು ಹೆಚ್ಚು. ಮೊದಲನೆಯ ಮಾಲಿಕೆಯ ಪ್ರಿಲ್ಯೂಡನ್ನು ನೋಡಿ. ನಲವತ್ತೆರಡು ಬಾರುಗಳು, ಬಾರ್ ಎಂದರೆ ನಮ್ಮ ಆವರ್ತದಂಥ ಒಂದು ಅಳತೆ. ನಡುವೆ ಒಂದೆಡೆ ತಡೆದು ನಿಲ್ಲುವುದನ್ನು ಬಿಟ್ಟರೆ, ಕೊನೆಯ ಸ್ವರಗುಚ್ಛ ಬರುವವರೆಗೆ, ಒಂದೇ ಸಮನೆ ಹದಿನಾರು ಹದಿನಾರು ಸ್ವರಗಳ ಹೊಳೆ. ಬಾಖ್ ಇಲ್ಲಿ ಉಸಿರಾಡಲು ಎಡೆಯನ್ನೇ ಬಿಟ್ಟಿಲ್ಲ. ಬಿಡಬೇಕಾದ ಅಗತ್ಯವೂ ಅವನಿಗಿರಲಿಲ್ಲ.

ಇಲ್ಲಿ ಇಬ್ಬರು ಅಳವಡಿಕೆಗಾರರ ದಾರಿ ಬೇರೆಯಾಗುತ್ತದೆ. ಮೊದಲನೆಯವನು ಎಲ್ಲ ಸ್ವರಗಳನ್ನೂ ನಿಷ್ಠೆಯಿಂದ ಉಳಿಸುತ್ತಾನೆ. ಉಸಿರು ಮುಗಿದ ಕಡೆ ನಿಲ್ಲುತ್ತಾನೆ. ಲೆಕ್ಕಕ್ಕೆ ಒಂದು ಸ್ವರವೂ ಕಡಮೆಯಿಲ್ಲ. ಆದರೆ ಹೊಳೆ ಕಡಿದು ಕೊಳಗಳಾಗಿದೆ. ಎರಡನೆಯವನು ರಚನೆಯನ್ನು ಓದುತ್ತಾನೆ. ಮೊದಲ ಬಾರುಗಳಲ್ಲಿ ಎಂಟು ಸ್ವರಗಳ ಒಂದು ಆಕೃತಿ ಬಂದು, ಅದೇ ಆಕೃತಿ ಬಾರಿನ ದ್ವಿತೀಯಾರ್ಧದಲ್ಲಿ ಹಾಗೆಯೇ ಮರಳಿ ಬರುತ್ತದೆಂಬುದು ಅವನ ಕಣ್ಣಿಗೆ ಬೀಳುತ್ತದೆ. ಮೊದಲ ಸಲ ಕೇಳಿದುದನ್ನು ಕಿವಿ ನೆನಪಿಟ್ಟುಕೊಂಡಿರುವುದಷ್ಟೆ? ಆದ್ದರಿಂದ ಎರಡನೆಯ ಸಲ ಒಂದು ಸ್ವರವನ್ನು ನುಂಗಿ, ಆ ಎಡೆಯಲ್ಲಿ ಉಸಿರೆಳೆದರೆ, ಬಿಟ್ಟ ಸ್ವರವನ್ನು ಕೇಳುವವನೇ ತುಂಬಿಕೊಳ್ಳುತ್ತಾನೆ. ಸ್ವರ ಹೋಯಿತು, ಹೊಳೆ ಉಳಿಯಿತು. ಇವರಲ್ಲಿ ಮೂಲಕ್ಕೆ ನಿಷ್ಠನಾದವನು ಯಾರು? ನಾನು ಎರಡನೆಯವನ ಕಡೆಗೆ.

ನಮ್ಮ ರಸಿಕರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ದಾಸರ ಕೀರ್ತನೆಯೊಂದನ್ನು ಪಿಟೀಲಿನಲ್ಲಿ ನುಡಿಸುವಾಗ ಸಾಹಿತ್ಯ ಬಲ್ಲ ವಾದಕನ ಕಮಾನು ಪದ ಮುಗಿದ ಕಡೆ ತಿರುಗುತ್ತದೆ. ಸಾಹಿತ್ಯ ತಿಳಿಯದವನ ಕಮಾನು ದೇವರ ಹೆಸರನ್ನೇ ಎರಡು ತುಂಡು ಮಾಡುತ್ತದೆ. ಸ್ವರ ಎರಡು ಕಡೆಯೂ ಶುದ್ಧವೇ. ಬಾಖ್‌ನ ಮಾಲಿಕೆಗಳಿಗೆ ಸಾಹಿತ್ಯವಿಲ್ಲ, ಆದರೆ ವಾಕ್ಯವಿದೆ. ಟ್ರೊಂಬೋನಿನವರು ಇದನ್ನು ಅರಿಯದವರಲ್ಲ. ಅವರು ಇಂದಿಗೂ ಅಭ್ಯಾಸ ಮಾಡುವ ಪ್ರಸಿದ್ಧ ಪಾಠಮಾಲೆ, ಬಾಸ್ಟನ್ ವಾದ್ಯವೃಂದದ ಟ್ರೊಂಬೋನ್ ವಾದಕ ರೋಷು 1928ರಲ್ಲಿ ಪ್ರಕಟಿಸಿದ ನೂರಿಪ್ಪತ್ತು ಪಾಠಗಳದು. ಅವುಗಳಲ್ಲಿ ಬಹುಪಾಲು ಬೋರ್ದೋನ್ಯಿ ಎಂಬ ಇಟಲಿಯ ಗಾಯನಗುರು ಗಾಯಕರಿಗೆಂದು ಬರೆದ ಅಭ್ಯಾಸಗಳು. ಅಂದರೆ ಟ್ರೊಂಬೋನಿನ ಶಿಷ್ಯ ಅಕ್ಷರಾಭ್ಯಾಸ ಮಾಡುವುದೇ ಒಂದು ಅಳವಡಿಕೆಯ ಮೇಲೆ, ಅದೂ ಕೊರಳಿನಿಂದ ತಂದುದರ ಮೇಲೆ. ಊದುವವನಿಗೆ ಮೊದಲ ಗುರು ಹಾಡುವವನೇ.

ಕೆನ್ನೆಯಲ್ಲಿ ಗಾಳಿಯನ್ನು ಕೂಡಿಟ್ಟು, ಅದನ್ನು ಹೊರಗೆ ತಳ್ಳುತ್ತಿರುವಾಗಲೇ ಮೂಗಿನಿಂದ ಉಸಿರೆಳೆದುಕೊಳ್ಳುವ ವಿದ್ಯೆಯೊಂದು ಉಂಟು. ನಮ್ಮ ಪುಂಗಿಯವರು ಅದನ್ನು ಬಲ್ಲರು. ಹಿತ್ತಾಳೆ ವಾದಕರಲ್ಲಿಯೂ ಕೆಲವರು ಇದನ್ನು ಸಾಧಿಸಿ ಪ್ರಿಲ್ಯೂಡನ್ನು ಎಲ್ಲಿಯೂ ನಿಲ್ಲದೆ ನುಡಿಸುತ್ತಾರೆ. ಕೇಳಿ ಬೆರಗಾದೆ, ಸಂತೋಷ ಮಾತ್ರ ಆಗಲಿಲ್ಲ. ಉಸಿರನ್ನು ಮುಚ್ಚಿಟ್ಟರೆ ಟ್ರೊಂಬೋನು ಚೆಲ್ಲೋದ ಹತ್ತಿರ ಬರುತ್ತದೆ, ನಿಜ. ಆದರೆ ಚೆಲ್ಲೋವೇ ಇರುವಾಗ ಅದರ ಹತ್ತಿರ ಬರುವ ವಾದ್ಯ ನಮಗೇಕೆ? ಮಿತ್ರರ “ಬೇಕಿತ್ತೇ?” ಎಂಬ ಪ್ರಶ್ನೆ ಇಂಥ ಅಳವಡಿಕೆಗೆ ಸರಿಯಾಗಿ ತಗಲುತ್ತದೆ.

ಬೇಕು ಎಂದು ನನಗೆ ಅನ್ನಿಸಿದ್ದು ಐದನೆಯ ಮಾಲಿಕೆಯ ಸಾರಬಂದ್ ಎಂಬ ನಿಧಾನ ನೃತ್ಯವನ್ನು ಕೇಳಿದಾಗ. ಬಾಖ್ ಇದರಲ್ಲಿ ಒಂದು ಕೂಡುಸ್ವರವನ್ನೂ ಬರೆದಿಲ್ಲ. ಅಲಂಕಾರಗಳನ್ನೆಲ್ಲ ಕಳಚಿಟ್ಟು, ಒಂಟಿ ದನಿಯಲ್ಲಿ, ಒಂದು ಸಣ್ಣ ಮಾತು ಆಡಿ ನಿಲ್ಲುತ್ತದೆ. ಮತ್ತೊಂದು ಸಣ್ಣ ಮಾತು ಆಡಿ ಮತ್ತೆ ನಿಲ್ಲುತ್ತದೆ. ದುಃಖ ಬಂದವರು ಮಾತಾಡುವ ಕ್ರಮ ಇದೇ. ಚೆಲ್ಲೋದಲ್ಲಿ ಈ ನಿಲುಗಡೆಗಳು ವಾದಕನ ಭಾವನೆಯಿಂದ ಬರಬೇಕು. ಟ್ರೊಂಬೋನಿನಲ್ಲಿ ಅವು ಎದೆಯಿಂದಲೇ ಬರುತ್ತವೆ. ಆ ಧ್ವನಿಮುದ್ರಿಕೆಯಲ್ಲಿ ವಾಕ್ಯವಾಕ್ಯದ ನಡುವೆ ವಾದಕ ಉಸಿರೆಳೆದುಕೊಳ್ಳುವ ಸದ್ದು ಸಣ್ಣಗೆ ಕೇಳಿಸಿತು. ಅದನ್ನು ಅಳಿಸಿಹಾಕಿಲ್ಲದಿದ್ದುದು ದೊಡ್ಡ ವಿವೇಕ. ಚೆಲ್ಲೋ ಹೇಳಲಾಗದುದನ್ನು ಹಿತ್ತಾಳೆ ಹೇಳಿತು ಎಂದು ನಾನು ಹೇಳುವುದಿಲ್ಲ. ಅದೇ ಮಾತನ್ನು ಬೇರೊಬ್ಬ ಮನುಷ್ಯ, ತನ್ನ ಮನೆಯ ಸಾವಿನಲ್ಲಿ, ಆಡಿದಂತೆ ಇತ್ತು.

ಇದೇ ತತ್ತ್ವವನ್ನು ಬೇರೊಂದು ಬಗೆಯಲ್ಲಿ ತೋರಿಸುವ ಉದಾಹರಣೆ ವಾದ್ಯವೃಂದದ ಸಂಗೀತದಲ್ಲಿದೆ. ರಷ್ಯದ ಮುಸೋರ್ಗ್‌ಸ್ಕಿ 1874ರಲ್ಲಿ, ತೀರಿಹೋದ ತನ್ನ ಮಿತ್ರ ಹಾರ್ಟ್‌ಮನ್ನನ ಚಿತ್ರಗಳ ನೆನಪಿಗಾಗಿ, ಪಿಯಾನೊ ಕೃತಿಯೊಂದನ್ನು ಬರೆದನು. ಅದರಲ್ಲಿ ‘ಬಿಡ್ವೊ’ ಎಂಬ ಭಾಗ ಪೋಲೆಂಡಿನ ಎತ್ತಿನ ಗಾಡಿಯದು. 1922ರಲ್ಲಿ ಫ್ರಾನ್ಸಿನ ರಾವೆಲ್ ಇಡೀ ಕೃತಿಯನ್ನು ವಾದ್ಯವೃಂದಕ್ಕೆ ಅಳವಡಿಸಿದಾಗ ಆ ಗಾಡಿಯ ಹಾಡನ್ನು ಟ್ಯೂಬಾಕ್ಕೆ ಕೊಟ್ಟನು. ಮುಸೋರ್ಗ್‌ಸ್ಕಿಯ ಮೂಲದಲ್ಲಿ ಗಾಡಿ ಮೊದಲ ಸ್ವರದಿಂದಲೇ ಗಟ್ಟಿಯಾಗಿ, ನಮ್ಮ ಕಾಲಬುಡದಲ್ಲೇ ಹೊರಡುತ್ತದೆ. ಅವನು ಸತ್ತ ಮೇಲೆ, 1886ರಲ್ಲಿ, ರಿಮ್‌ಸ್ಕಿ-ಕೋರ್ಸಕೋವ್ ತಿದ್ದಿ ಪ್ರಕಟಿಸಿದ ಪ್ರತಿಯಲ್ಲಿ ಅದು ಮೆಲ್ಲಗೆ ಮೊದಲಾಗಿ ಕ್ರಮೇಣ ಹತ್ತಿರ ಬರುವಂತಾಯಿತು. ರಾವೆಲ್ ಅನುಸರಿಸಿದ್ದು ಈ ತಿದ್ದಿದ ಪ್ರತಿಯನ್ನು. ಹೀಗೆ ಲೋಕವೆಲ್ಲ ಮೆಚ್ಚಿದ ಗಾಡಿ ದೂರದಿಂದ ಬಂದು, ಹಾದು, ಮತ್ತೆ ದೂರವಾಗುತ್ತದೆ.

ರಾತ್ರಿ ಮಲಗಿರುವಾಗ ದೂರದ ರಸ್ತೆಯಲ್ಲಿ ಗಾಡಿಯ ಸದ್ದು ಬಂದು ಹೋಗುವುದನ್ನು ಕೇಳಿದವರಿಗೆ ರಾವೆಲ್ಲನ ಚಿತ್ರ ಇಷ್ಟವಾಗದೆ ಇರದು. ಆದರೆ ಅದು ಜಗಲಿಯ ಮೇಲೆ ಕುಳಿತವನ ಅನುಭವ. ಮುಸೋರ್ಗ್‌ಸ್ಕಿ ಬರೆದದ್ದು ನೊಗದ ಅಡಿಯ ಕತ್ತಿನ ಅನುಭವ. ನೊಗಕ್ಕೆ ದೂರ ಹತ್ತಿರ ಎಂಬುದಿಲ್ಲ; ಹೂಡಿದ ಗಳಿಗೆಯಿಂದ ಭಾರವೇ. ಈ ಭಾರ ಅಳವಡಿಕೆಯಲ್ಲಿ ಪೂರ್ತಿ ನಷ್ಟವಾಗದೆ ಉಳಿದುದು ಟ್ಯೂಬಾದಿಂದ. ರಾವೆಲ್ ಆ ಹಾಡನ್ನು ಟ್ಯೂಬಾದ ಮಟ್ಟಿಗೆ ಬಹಳ ಮೇಲಿನ ಸ್ಥಾಯಿಯಲ್ಲಿ ಬರೆದಿದ್ದಾನೆ. ಅವನ ಕಾಲದ ಫ್ರೆಂಚರ ಟ್ಯೂಬಾ ಆರು ವಾಲ್ವುಗಳ ಸಣ್ಣ ವಾದ್ಯವಾಗಿತ್ತಾದ್ದರಿಂದ ಅದಕ್ಕೆ ಅಲ್ಲಿ ಹಾಡುವುದು ಸಾಧ್ಯವಿತ್ತು. ಬೇರೆ ದೇಶಗಳ ದೊಡ್ಡ ಟ್ಯೂಬಾದಲ್ಲಿ ಅದು ಪ್ರಾಣಸಂಕಟ. ಅದಕ್ಕೆಂದು ಅನೇಕರು ಈ ಭಾಗಕ್ಕೆ ಯೂಫೋನಿಯಂ ಕೈಗೆತ್ತಿಕೊಳ್ಳುತ್ತಾರೆ. ಯೂಫೋನಿಯಂನಲ್ಲಿ ಹಾಡು ಚೆಲುವಾಗುತ್ತದೆ. ಆದರೂ ಒಬ್ಬ ಒಳ್ಳೆಯ ವಾದಕ ಅದನ್ನು ಟ್ಯೂಬಾದಲ್ಲೇ, ಉಸಿರು ಕಟ್ಟಿ, ಏರನ್ನು ಏರಿಸಿದಾಗ ಎತ್ತಿನ ಎದೆ ಕಾಣುತ್ತದೆ. ಮೂಲದ ಮೊದಲ ಸ್ವರದಲ್ಲಿದ್ದ ಶ್ರಮವನ್ನು ತಿದ್ದಿದ ಪ್ರತಿ ಕಳೆಯಿತು. ಆ ಶ್ರಮ ಟ್ಯೂಬಾ ವಾದಕನ ಮೈಯಲ್ಲಿ ಮರಳಿ ಬಂತು.

ಇದಕ್ಕೆ ವಿರುದ್ಧವಾದ ದಾರಿ ಸರ್ಕಸ್ಸಿನದು. ಭಾರದ ವಾದ್ಯದಿಂದ ಹಗುರದ ಹಾಡನ್ನು ಆಡಿಸಿದರೆ ನಗು ಬರುವುದು ಸಹಜ. 1886ರಲ್ಲಿ ಸೇಂ-ಸಾನ್ಸ್ ‘ಪ್ರಾಣಿಗಳ ಜಾತ್ರೆ’ಯಲ್ಲಿ, ಬೆರ್ಲಿಯೋಜ್ ಬರೆದ ಗಾಳಿದೇವತೆಗಳ ನೃತ್ಯವನ್ನು ಡಬಲ್ ಬೇಸ್ ಎಂಬ ಮಹಾಕಾಯದ ತಂತಿವಾದ್ಯಕ್ಕೆ ಕೊಟ್ಟು ಆನೆಯನ್ನು ಕುಣಿಸಿದನು. ಅವನಿಗೆ ತಾನು ಹಾಸ್ಯ ಮಾಡುತ್ತಿರುವೆನೆಂಬುದು ಗೊತ್ತಿತ್ತು, ನಮಗೂ ಗೊತ್ತು, ಎಲ್ಲರೂ ನಕ್ಕು ಸುಖಿಗಳು. ಆದರೆ ರಿಮ್‌ಸ್ಕಿ-ಕೋರ್ಸಕೋವನ ದುಂಬಿಯ ಹಾರಾಟವನ್ನು ಟ್ಯೂಬಾದಲ್ಲಿ ಗಡಿಯಾರ ಹಿಡಿದು ನುಡಿಸುವವರು ಹಾಸ್ಯವನ್ನೂ ಮಾಡುತ್ತಿಲ್ಲ, ಸಂಗೀತವನ್ನೂ ಮಾಡುತ್ತಿಲ್ಲ. ಸಭೆ ಚಪ್ಪಾಳೆ ತಟ್ಟುವುದು ನಿಜ. ಆ ಚಪ್ಪಾಳೆಯ ಒಳಗೆ ‘ಇಷ್ಟು ದಪ್ಪಗಿದ್ದೂ ಓಡುತ್ತಾನಲ್ಲ!’ ಎಂಬ ತಾತ್ಸಾರವಿದೆ. ವಾದ್ಯವನ್ನು ಪ್ರೀತಿಸುವವರೇ ಅದನ್ನು ಹೀಗೆ ನಗೆಗೀಡು ಮಾಡುವುದು ನನಗೆ ಬೇಸರದ ಸಂಗತಿ. ದಿಬ್ಬಣದ ಮಕ್ಕಳ ನಗುವಿಗೂ ಈ ಚಪ್ಪಾಳೆಗೂ ಬಹಳ ವ್ಯತ್ಯಾಸವಿಲ್ಲ.

ಮಂದ್ರದ ಹಿತ್ತಾಳೆ ಬರಿಯ ಸಾಲಗಾರನಲ್ಲ, ಸಾಲ ಕೊಟ್ಟದ್ದೂ ಉಂಟೆಂಬುದಕ್ಕೆ ಒಂದು ಚರಿತ್ರೆಯ ಸಂಗತಿಯನ್ನು ಹೇಳಬೇಕು. 1812ರಲ್ಲಿ ಬೀಥೋವನ್ ಲಿಂಟ್ಸ್ ನಗರದಲ್ಲಿದ್ದಾಗ, ಅಲ್ಲಿನ ಚರ್ಚಿನ ಸಂಗೀತಾಧಿಕಾರಿ ಗ್ಲೋಗ್ಲ್ ಎಂಬವರು ಕೇಳಿಕೊಂಡುದರಿಂದ, ಸತ್ತವರನ್ನು ನೆನೆಯುವ ನವೆಂಬರಿನ ಹಬ್ಬಕ್ಕಾಗಿ ನಾಲ್ಕು ಟ್ರೊಂಬೋನುಗಳಿಗೆ ಮೂರು ಪುಟ್ಟ ರಚನೆಗಳನ್ನು ಬರೆದುಕೊಟ್ಟನು. ನಿಧಾನ, ಗಂಭೀರ, ಒಂದೊಂದು ವಾಕ್ಯವೂ ಒಂದೊಂದು ಉಸಿರಿನಷ್ಟು ಉದ್ದ. ಹದಿನೈದು ವರ್ಷಗಳ ಮೇಲೆ, 1827ರ ಮಾರ್ಚ್ 29ರಂದು, ಅವನ ಶವಯಾತ್ರೆ ವಿಯೆನ್ನಾದ ಬೀದಿಗಳಲ್ಲಿ ಹೊರಟಾಗ ಈ ರಚನೆಗಳೇ ಕೇಳಿಬಂದವು. ಅವುಗಳಲ್ಲಿ ಎರಡಕ್ಕೆ ಸೈಫ್ರೀಡ್ ಎಂಬ ಸಂಗೀತಗಾರ ಲ್ಯಾಟಿನ್ ಪ್ರಾರ್ಥನೆಯ ಮಾತುಗಳನ್ನು ಕೂಡಿಸಿ ಗಂಡಸರ ಕೊರಳಿಗೆ ಅಳವಡಿಸಿದ್ದನು. ಇಲ್ಲಿ ಹಾಡು ಕೊರಳಿನಿಂದ ಹಿತ್ತಾಳೆಗೆ ಹೋಗಲಿಲ್ಲ, ಹಿತ್ತಾಳೆಯಿಂದ ಕೊರಳಿಗೆ ಬಂತು. ಬಂದುದು ಸುಲಭವಾಗಿಯೇ ಬಂತು. ಎರಡರ ಉಸಿರೂ ಒಂದೇ ಅಳತೆಯದಲ್ಲವೆ?

ಆದ್ದರಿಂದ ಮಿತ್ರರ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಎಲ್ಲವೂ ಬೇಕಿಲ್ಲ. ಮಾಲಿಕೆಗಳ ಕೊನೆಯಲ್ಲಿ ಬರುವ ಜೀಗ್ ಎಂಬ ಚುರುಕು ಕುಣಿತಗಳನ್ನು ನಾನು ಇನ್ನೂ ಚೆಲ್ಲೋದಲ್ಲೇ ಕೇಳಬಯಸುತ್ತೇನೆ. ಟ್ರೊಂಬೋನಿನಲ್ಲಿ ಅವುಗಳ ಕಾಲಿಗೆ ಕೆಸರು ಮೆತ್ತಿದಂತಾಗುತ್ತದೆ. ಟ್ಯೂಬಾದಲ್ಲಿ ಒಂದು ಸ್ಥಾಯಿ ಕೆಳಗಿಳಿಸಿ ನುಡಿಸಿದರಂತೂ ವೇಗದ ಸ್ವರಗಳು ಒಂದರೊಳಗೊಂದು ಕಲಸಿ, ಬಾಖ್ ಜೋಪಾನವಾಗಿ ಬಿಡಿಸಿಟ್ಟ ಎಳೆಗಳು ಕಾಣದಾಗುತ್ತವೆ. ಅಳವಡಿಸುವವರು ಮೊದಲು ತಮ್ಮ ವಾದ್ಯ ಎಲ್ಲಿ ಉಸಿರಾಡುವುದೆಂದು ಗುರುತು ಹಾಕಿಕೊಂಡು, ಆಮೇಲೆ ಸ್ವರಗಳನ್ನು ಬರೆಯಲಿ. ಉಸಿರಿನ ಗುರುತು ವಾಕ್ಯದ ಗುರುತಿನೊಡನೆ ಎಲ್ಲಿ ಕೂಡುತ್ತದೆಯೋ ಆ ರಚನೆಯನ್ನು ಧೈರ್ಯವಾಗಿ ತರಲಿ. ಕೂಡದಿರುವುದನ್ನು ಕಮಾನಿನವರಿಗೇ ಬಿಡಲಿ.

ಇದನ್ನು ಹೇಳಿದಾಗ ಮಿತ್ರರು ಪೂರ್ತಿ ಒಪ್ಪಿದರೆಂದು ಹೇಳಲಾರೆ. “ಸಾರಬಂದನ್ನು ಇನ್ನೊಂದು ಸಲ ಹಾಕೋಣ” ಎಂದರು. ಹಾಕಿದೆವು. ಈ ಸಲ ಇಬ್ಬರೂ ಸ್ವರಗಳಿಗಿಂತ ಹೆಚ್ಚಾಗಿ ಅವುಗಳ ನಡುವಿನ ಉಸಿರನ್ನು ಕೇಳಿದೆವು.